ಎಡದಿಂದ ನಾಲ್ಕನೆಯವನು

ನೀಲಿ ಚಿತ್ರ ಮಾಡುತ್ತೇನೆ ಅಂದರೆ
ಪೇಪರ್ ಟೌನಿನ ಹುಡುಗರು ಕಿಸಕ್ಕನೆ ನಗುತ್ತಾರೆ.
ಅದಕ್ಕೇ ಈಗ ನೀಲಿ ಅಚ್ಚು ಅನ್ನುತ್ತೇನೆ.
ಕಾಗದಕ್ಕೆ ಕಬ್ಬಿಣದ ಉಪ್ಪು ಬಳಿದು ಬಿಸಿಲಿಗಿಡುವ ಕೆಲಸ,
ಭದ್ರಾವತಿಯನ್ನು ಭದ್ರಾವತಿಗೇ ಸವರಿದ ಹಾಗೆ.

ಮರಗತಮ್ಮ ತಂದದ್ದು ಒಂದು ಗಾಜಿನ ತಟ್ಟೆ,
ಹಳೆ ಸೀರೆಯಲ್ಲಿ ಸುತ್ತಿ
ಬಸ್ಸಿನುದ್ದಕ್ಕೂ ತೊಡೆಯ ಮೇಲೆ ಮಗುವಿನಂತೆ ಕೂರಿಸಿಕೊಂಡು.
ಊದುಕುಲುಮೆ ಬಾಯಿ ತೆರೆದ ಹೊತ್ತು.
ಬೆಂಕಿಯ ಪಕ್ಕ ಬಿಳಿ ಕೋಟಿನ ಮೇಲ್ವಿಚಾರಕ,
ಇತ್ತ ಕತ್ತಲಲ್ಲಿ ಗಂಡಸರ ಒಂದು ಸಾಲು.
"ಎಡದಿಂದ ನಾಲ್ಕನೆಯವನು ನಿಮ್ಮಪ್ಪ
ಅನ್ನುತ್ತಿದ್ದಳು ಅಮ್ಮ. ನಾನು ಕಂಡವಳಲ್ಲ."

ಕಿಟಕಿಗೆ ಹಿಡಿದೆ.
ತಟ್ಟೆಯಲ್ಲಿ ಎಲ್ಲ ತಿರುವುಮುರುವು:
ಬೆಂಕಿ ಇದ್ದಲ್ಲಿ ಇದ್ದಿಲಿನಂಥ ಕಪ್ಪು,
ಗಂಡಸರಿದ್ದಲ್ಲಿ ಹೆಚ್ಚುಕಡಿಮೆ ಬರೀ ಗಾಜು,
ಉಸಿರು ತಾಗಿ ಮಸುಕಾದಷ್ಟೇ ಮುಖ.

ನನಗೆ ಕಲಿಸಿದ ಇನಾಸ್ ಮಾಸ್ತರರದು ಒಂದೇ ಪಾಠ:
ಬಿಳಿ ಬಿಳಿಯಾಗಿರಲಿ, ನೀಲಿ ನೀಲಿಯಾಗಿರಲಿ,
ನಡುವೆ ಗೊಣಗುವುದು ಬೇಡ.
ಮಸಾಲೆಗೆ ಡೈಕ್ರೋಮೇಟಿನ ಒಂದು ಹನಿ,
ಮಾಗಿದ ಕಿತ್ತಳೆಯ ಬಣ್ಣ, ಮುಟ್ಟಿದರೆ ವಿಷ.
ಎರಡು ಹನಿಯಾದರೆ ಕಾಗದ ತೀರ್ಪು ಕೊಡುತ್ತದೆ.

ಹನಿ ಹಾಕಿದೆ. ಹನ್ನೆರಡು ನಿಮಿಷ ಬಿಸಿಲು, ನಲ್ಲಿಯ ನೀರು.
ಎದ್ದು ಬಂತು ಚಿತ್ರ, ಚಾಕುವಿನಲ್ಲಿ ಕೊಯ್ದಂತೆ.
ಕುಲುಮೆ ಸುಣ್ಣದ ಗೋಡೆಯಷ್ಟು ಬೆಳ್ಳಗೆ,
ಕೋಟಿನ ಗುಂಡಿಗಳನ್ನು ಎಣಿಸಬಹುದು.
ಕತ್ತಲಲ್ಲಿ ಏಳು ಹೆಗಲು, ಏಳು ತಲೆವಸ್ತ್ರ.
ಏಳರಲ್ಲಿ ನಾಲ್ಕನೆಯವನು ನಟ್ಟನಡುವಿನವನು,
ಯಾವ ಕಡೆಯಿಂದ ಎಣಿಸಿದರೂ ಅವನೇ.
ಮುಖವೊಂದಿಲ್ಲ ಅಷ್ಟೆ.
ಮರಗತಮ್ಮ ಬೆರಳಿಟ್ಟಳು, ತೆಗೆದಳು.
"ಇಲ್ಲಿ ಅಪ್ಪನ ಅಂಗಿ ಇದೆ," ಅಂದಳು.

ಮರುದಿನ ಹನಿ ಬಿಟ್ಟೆ.
ಹನ್ನೆರಡನ್ನು ಐದಕ್ಕೆ ಇಳಿಸಿದೆ.
ನಲ್ಲಿಗೆ ಒಡ್ಡುವ ಮೊದಲು
ಒಂದು ಹೇರಳೆಕಾಯಿ ಹಿಂಡಿದ ನೀರಲ್ಲಿ ಅದ್ದಿದೆ.
ತೊಳೆದರೆ ಕೊಚ್ಚಿಹೋಗುವ ತೆಳುನೀಲಿಯನ್ನು
ಹುಳಿ ಮೆಲ್ಲಗೆ ಕೈಹಿಡಿದು ನಿಲ್ಲಿಸಿಕೊಳ್ಳುತ್ತದೆ.
(ಮನೆಯಲ್ಲಿ ಕೇಳಿದರು: ಉಪ್ಪಿನಕಾಯಿಗೆ ತಂದದ್ದು ಎಲ್ಲಿ?)

ಮಾಸ್ತರರಾಗಿದ್ದರೆ ಹರಿದೇ ಹಾಕುತ್ತಿದ್ದರು.
ಬೆಂಕಿಗೆ ಬಿಸಿಯಿಲ್ಲ, ಮಜ್ಜಿಗೆಯಂತೆ ಸಪ್ಪೆ.
ಸಾಹೇಬರ ಕೋಟು ಒಗೆಯದೆ ವಾರವಾದಂತೆ.
ಆದರೆ ಕತ್ತಲು ಕದಲಿತು ಒಂದಿಷ್ಟು.
ಕೆನ್ನೆಯ ಎಲುಬು, ಒಂದು ಕಿವಿ,
ಝಳಕ್ಕೆ ಕಿರಿದಾದ ಕಣ್ಣು,
ಯಾರದೋ ತುಟಿಯಲ್ಲಿ ಹಚ್ಚದ ಬೀಡಿ.
ಮತ್ತೆ, ಎಡಗಡೆ, ಎಲ್ಲರಿಗಿಂತ ಹಿಂದೆ,
ನಿನ್ನೆ ಇಲ್ಲದ ಎಂಟನೆಯವನು.

ಎಂಟಕ್ಕೆ ನಡು ಇಲ್ಲ.
ಎಡದಿಂದ ನಾಲ್ಕನೆಯವನು ಈಗ ಬೇರೊಬ್ಬ;
ನಿನ್ನೆಯವನು ಬಲದಿಂದ ನಾಲ್ಕನೆಯವನು.
"ಅಮ್ಮ ಗಾಜನ್ನು ಯಾವ ಮಗ್ಗುಲಿಂದ ನೋಡುತ್ತಿದ್ದರು?"
ಕೇಳಬಾರದಿತ್ತೇನೋ. ಕೇಳಿಬಿಟ್ಟಿದ್ದೆ.
ಅವಳು ಒದ್ದೆ ಕಾಗದವನ್ನು ಬೆಳಕಿಗೆತ್ತಿ
ಈ ಕಡೆಯಿಂದ ಎಣಿಸಿದಳು,
ತಿರುಗಿಸಿ ಬೆನ್ನ ಕಡೆಯಿಂದ ಎಣಿಸಿದಳು.
ಮೊಣಕೈಯಿಂದ ಹುಳಿನೀರು ಸೋರುತ್ತಿತ್ತು.
"ಇಬ್ಬರ ಮೂಗೂ ನನ್ನದೇ ಥರ ಇದೆಯಲ್ಲಮ್ಮ."

ಮೇಜಿನ ಮೇಲೆ ಎರಡೂ ಅಚ್ಚು ಇಟ್ಟೆ.
ಸ್ಪಷ್ಟವಾದದ್ದನ್ನು ನನ್ನ ಕಡೆಗೇ ಸರಿಸಿದಳು.
ಒಣಗಿಸಿ ಕೊಡುತ್ತೇನೆ, ನಾಳೆ ಬನ್ನಿ, ಅಂದೆ.
"ಒಣಗಿದರೆ ಹೀಗೇ ಇರುತ್ತಾ?"
ಇಲ್ಲ. ನೀಲಿ ಬಲಿಯುತ್ತದೆ. ತುಸು ಕಪ್ಪಾಗುತ್ತದೆ.

"ಹಾಗಾದರೆ ಈಗಲೇ ನೋಡಿಕೊಳ್ಳುತ್ತೇನೆ," ಅಂದವಳು
ಸ್ಟೂಲನ್ನು ತೊಟ್ಟಿಯ ಹತ್ತಿರ ಎಳೆದುಕೊಂಡಳು.
ಕೊನೆಯ ಬಸ್ಸು ಏಳೂವರೆಗೆ.
ನಾನು ದೀಪ ಹಾಕಲಿಲ್ಲ.